ಎದೆಯ ಮೇಲಿನ ರೆಕ್ಕೆ, ಚಕ್ರ ಮತ್ತು ಬಣ್ಣದ ಪಟ್ಟಿಗಳು: ಬಾಂಬರ್ ತಂಡಗಳ ಪದಕಗಳನ್ನು ಓದುವ ಬಗೆ

ಕೇರಳದ ಎರಡು ದೊಡ್ಡ ನಗರಗಳಾದ ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸೈನಿಕ ಸಮವಸ್ತ್ರವು ಅಪರಿಚಿತವೇನಲ್ಲ. ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡಿನ ಪ್ರಧಾನ ಕಚೇರಿಯಿದೆ. ಅದರ ಮಗ್ಗುಲಲ್ಲೇ 1953ರ ಮೇ 11ರಂದು ಸೇವೆಗೆ ಸೇರಿದ ಐ.ಎನ್.ಎಸ್. ಗರುಡ ಎಂಬ ನೌಕಾ ವಿಮಾನ ನೆಲೆಯಿದೆ. ತಿರುವನಂತಪುರದ ಆಕ್ಕುಳಂನಲ್ಲಿ 1984ರ ಜುಲೈ 19ರಂದು ಸ್ಥಾಪನೆಯಾದ ದಕ್ಷಿಣ ವಾಯು ಕಮಾಂಡಿನ ಪ್ರಧಾನ ಕಚೇರಿಯಿದೆ. ಮದುವೆಯ ಮನೆಯಲ್ಲಿ, ಶಾಲೆಯ ಸ್ವಾತಂತ್ರ್ಯೋತ್ಸವದಲ್ಲಿ, ನೆರೆಮನೆಯ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ನಾವು ಸಮವಸ್ತ್ರ ಧರಿಸಿದ ಅಧಿಕಾರಿಗಳನ್ನು ಕಾಣುತ್ತೇವೆ. ಅವರ ಎಡ ಎದೆಯ ಮೇಲೆ ಒಂದು ರೆಕ್ಕೆ, ಅದರ ಕೆಳಗೆ ಸಾಲಾಗಿ ಜೋಡಿಸಿದ ಬಣ್ಣದ ಪಟ್ಟಿಗಳು. ನೋಡಿ ಗೌರವದಿಂದ ತಲೆಬಾಗುತ್ತೇವೆ. ಆದರೆ ಅವು ಏನು ಹೇಳುತ್ತವೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಇದರಿಂದಾಗುವ ನಷ್ಟ ಸಣ್ಣದಲ್ಲ. ಯುದ್ಧಕ್ಕೆ ಹೋಗಿ ಬಂದ ಹಿರಿಯರು ಸಾಮಾನ್ಯವಾಗಿ ಮಾತು ಕಡಿಮೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿಯುವುದು ಒಂದು ಪೆಟ್ಟಿಗೆ, ಕೆಲವು ಪದಕಗಳು, ಮಾಸಿದ ರಿಬ್ಬನ್ನುಗಳು. ಓದಲು ಬಲ್ಲವರಿಗೆ ಅದೊಂದು ಸಂಕ್ಷಿಪ್ತ ಜೀವನಚರಿತ್ರೆ. ಓದಲು ಬಾರದವರಿಗೆ ಹಳೆಯ ಲೋಹ. ವಿಶೇಷವಾಗಿ ಬಾಂಬರ್ ವಿಮಾನಗಳಲ್ಲಿ ಹಾರಿದ ತಂಡಗಳ ವಿಷಯದಲ್ಲಿ ಈ ಓದು ಅಗತ್ಯ. ಏಕೆಂದರೆ ಆ ವಿಮಾನಗಳಲ್ಲಿ ಒಬ್ಬರಲ್ಲ, ಹಲವರು ಹಾರುತ್ತಿದ್ದರು. ಜನರ ನೆನಪಿನಲ್ಲಿ ಉಳಿದವರು ಮಾತ್ರ ಬಹುಮಟ್ಟಿಗೆ ಚಾಲಕರೊಬ್ಬರೇ.

ಬಾಂಬರ್ ತಂಡವೆಂದರೆ ಯಾರು ಯಾರು?

ಯುದ್ಧ ವಿಮಾನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಒಬ್ಬನೇ ಪೈಲಟ್ ಇರುವ ಫೈಟರ್ ವಿಮಾನ. ಬಾಂಬರಿನ ಕಥೆ ಬೇರೆ. ಎರಡನೇ ಮಹಾಯುದ್ಧದ ಕಾಲದ ನಾಲ್ಕು ಎಂಜಿನ್ನುಗಳ ಲಿಬರೇಟರ್ ವಿಮಾನದಲ್ಲಿ ಎಂಟು ಹತ್ತು ಮಂದಿ ಇರುತ್ತಿದ್ದರು: ಇಬ್ಬರು ಪೈಲಟ್‌ಗಳು, ದಾರಿ ಲೆಕ್ಕಹಾಕುವ ನ್ಯಾವಿಗೇಟರ್, ಗುರಿಯಿಟ್ಟು ಬಾಂಬು ಬಿಡುವವರು, ರೇಡಿಯೋ ನೋಡಿಕೊಳ್ಳುವವರು, ಎಂಜಿನಿಯರ್ ಮತ್ತು ಹಲವು ಗನ್ನರುಗಳು.

ಈ ಲಿಬರೇಟರ್ ವಿಮಾನಕ್ಕೂ ಕರ್ನಾಟಕಕ್ಕೂ ಇರುವ ನಂಟು ಸ್ವಾರಸ್ಯಕರವಾದುದು. ಯುದ್ಧ ಮುಗಿದ ಬಳಿಕ ವಿದೇಶಿ ಸೇನೆಗಳು ಕಾನ್ಪುರದಲ್ಲಿ ಇನ್ನು ಬಳಸಲಾಗದಂತೆ ಕೆಡಿಸಿ ಬಿಟ್ಟುಹೋದ ಲಿಬರೇಟರುಗಳನ್ನು, ಸ್ವತಂತ್ರ ಭಾರತದ ತಂತ್ರಜ್ಞರು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ ಬೆಂಗಳೂರಿಗೆ ತಂದರು. ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಜಮ್‌ಶೇದ್ ಮುನ್ಷಿಯವರು ಅವುಗಳನ್ನು ಹಾರಿಸಿಕೊಂಡು ಬಂದರು. ಬೆಂಗಳೂರಿನ ಕೆಲಸಗಾರರು ಅವುಗಳಿಗೆ ಮರುಜೀವ ನೀಡಿದರು. ಹಾಗೆ ಎದ್ದುನಿಂತ ವಿಮಾನಗಳಿಂದಲೇ 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. ಲಿಬರೇಟರುಗಳು 1968ರವರೆಗೂ ನಮ್ಮ ಸೇವೆಯಲ್ಲಿದ್ದವು.

ಅನಂತರ ಬಂದ ಬಾಂಬರ್ ಕ್ಯಾನ್‌ಬೆರಾ. 1957ರಿಂದ 2007ರ ಮೇ ತಿಂಗಳವರೆಗೆ, ಅರ್ಧ ಶತಮಾನ ಕಾಲ, ಈ ಜೆಟ್ ವಿಮಾನ ಭಾರತದ ಪರವಾಗಿ ಹಾರಿತು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋದಲ್ಲಿ, 1965 ಮತ್ತು 1971ರಲ್ಲಿ ಪಾಕಿಸ್ತಾನದ ವಿರುದ್ಧ ನಡೆದ ಯುದ್ಧಗಳಲ್ಲಿ ಇದು ಪಾಲ್ಗೊಂಡಿತು. ಇದರ ಬಾಂಬರ್ ಮಾದರಿಯಲ್ಲಿ ಇದ್ದುದು ಇಬ್ಬರೇ: ಮೇಲೆ ಗಾಜಿನ ಗುಮ್ಮಟದಡಿ ಪೈಲಟ್, ಕೆಳಗೆ ವಿಮಾನದ ಮೂತಿಯೊಳಗೆ ನ್ಯಾವಿಗೇಟರ್. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಅಪಾಯ ಬಂದಾಗ ಹೊರಕ್ಕೆ ಚಿಮ್ಮಿಸಿ ಜೀವ ಉಳಿಸುವ ಆಸನ ಪೈಲಟನಿಗೆ ಮಾತ್ರ ಇತ್ತು. ನ್ಯಾವಿಗೇಟರನು ತನ್ನ ಇಕ್ಕಟ್ಟಿನ ಜಾಗದಿಂದ ತೆವಳಿ ಬಂದು ಬದಿಯ ಬಾಗಿಲಿನಿಂದ ಹಾರಿಕೊಳ್ಳಬೇಕಿತ್ತು. ರಾತ್ರಿಯ ಹೊತ್ತು, ಶತ್ರುವಿನ ನೆಲದ ಮೇಲೆ, ತಗ್ಗಿನಲ್ಲಿ ಹಾರುವ ವಿಮಾನದಿಂದ ಹಾಗೆ ಹೊರಬೀಳಲು ಸಮಯ ಸಿಗುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ಇದನ್ನು ಬಲ್ಲವರೇ ಆ ಜಾಗದಲ್ಲಿ ಕುಳಿತು ಹಾರಿದರು.

ಪೂರ್ಣ ರೆಕ್ಕೆ ಮತ್ತು ಅರ್ಧ ರೆಕ್ಕೆ

ಎದೆಯ ಮೇಲೆ ಮೊದಲು ನೋಡಬೇಕಾದುದು ಪದಕವನ್ನಲ್ಲ, ರೆಕ್ಕೆಯನ್ನು. ಪದಕವು ಏನು ಮಾಡಿದರು ಎಂಬುದನ್ನು ಹೇಳಿದರೆ, ರೆಕ್ಕೆಯು ಯಾವ ಕೆಲಸದವರು ಎಂಬುದನ್ನು ಹೇಳುತ್ತದೆ. ನಡುವೆ ಲಾಂಛನ, ಅದರ ಎರಡೂ ಬದಿಗೆ ಚಾಚಿದ ರೆಕ್ಕೆಗಳಿದ್ದರೆ ಅವರು ಪೈಲಟ್. ಒಂದು ವೃತ್ತದಿಂದ ಒಂದೇ ಬದಿಗೆ ಚಾಚಿದ ಅರ್ಧ ರೆಕ್ಕೆಯಾದರೆ ತಂಡದ ಇತರ ಸದಸ್ಯರು.

ಅರ್ಧ ರೆಕ್ಕೆಯ ಪದ್ಧತಿ ಬ್ರಿಟಿಷ್ ವಾಯುಪಡೆಯಿಂದ ಬಂದುದು. ಮೊದಲನೇ ಮಹಾಯುದ್ಧದಲ್ಲಿ ವೀಕ್ಷಕರಿಗಾಗಿ ‘ಓ’ ಅಕ್ಷರದ ಅರ್ಧ ರೆಕ್ಕೆ ಬಂತು. ಎರಡನೇ ಮಹಾಯುದ್ಧದ ವೇಳೆಗೆ ಕೆಲಸಗಳು ಕವಲೊಡೆದು, ನ್ಯಾವಿಗೇಟರಿಗೆ ‘ಎನ್’, ಬಾಂಬು ಬಿಡುವವರಿಗೆ ‘ಬಿ’, ಎಂಜಿನಿಯರಿಗೆ ‘ಇ’, ಗನ್ನರಿಗೆ ‘ಎ.ಜಿ.’ ಹೀಗೆ ಅಕ್ಷರಗಳು ಬೇರೆ ಬೇರೆಯಾದವು. ಆ ಕಾಲದ ಕಪ್ಪುಬಿಳುಪು ಚಿತ್ರವೊಂದು ನಿಮ್ಮ ಮನೆಯಲ್ಲಿದ್ದರೆ, ಭೂತಗನ್ನಡಿ ಹಿಡಿದು ಆ ವೃತ್ತದೊಳಗಿನ ಅಕ್ಷರವನ್ನು ನೋಡಿರಿ. ನಿಮ್ಮ ಹಿರಿಯರು ವಿಮಾನದ ಯಾವ ಮೂಲೆಯಲ್ಲಿ ಕುಳಿತಿದ್ದರು ಎಂಬುದನ್ನು ಅದೊಂದೇ ಅಕ್ಷರ ಹೇಳಬಲ್ಲದು.

ಹುದ್ದೆಯನ್ನು ತೋಳಿನ ಅಥವಾ ಭುಜದ ಪಟ್ಟಿಗಳಿಂದ ಗುರುತಿಸಬೇಕು. ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟಿಗೆ ಎರಡು ಪಟ್ಟಿ. ಎರಡರ ನಡುವೆ ಒಂದು ತೆಳು ಪಟ್ಟಿ ಸೇರಿದರೆ ಸ್ಕ್ವಾಡ್ರನ್ ಲೀಡರ್. ಮೂರು ಸಮ ಪಟ್ಟಿಗಳಾದರೆ ವಿಂಗ್ ಕಮಾಂಡರ್. ನಾಲ್ಕಾದರೆ ಗ್ರೂಪ್ ಕ್ಯಾಪ್ಟನ್.

ಸೇವೆಯ ಪದಕ, ಶೌರ್ಯದ ಪದಕ

ಪದಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಈ ವ್ಯತ್ಯಾಸ ತಿಳಿಯದೆ ಇರುವುದರಿಂದಲೇ ಮನೆಗಳಲ್ಲಿ ಎಷ್ಟೋ ತಪ್ಪು ಕಥೆಗಳು ಹುಟ್ಟಿಕೊಳ್ಳುತ್ತವೆ.

ಮೊದಲನೆಯದು ಸೇವಾ ಪದಕ. ಇಂಥ ಯುದ್ಧದ ಕಾಲದಲ್ಲಿ, ಇಂಥ ಕ್ಷೇತ್ರದಲ್ಲಿ, ಇಂತಿಷ್ಟು ದಿನ ಕರ್ತವ್ಯದಲ್ಲಿದ್ದವರೆಲ್ಲರಿಗೂ ಅದು ಸಲ್ಲುತ್ತದೆ. 1965ರ ಯುದ್ಧಕ್ಕೆ ಸಂಬಂಧಿಸಿದಂತೆ ರಣರಂಗದಲ್ಲಿದ್ದವರಿಗೆ ಸಮರ್ ಸೇವಾ ತಾರೆ, ಆಗ ಸೇವೆಯಲ್ಲಿದ್ದ ಬಹುತೇಕ ಎಲ್ಲರಿಗೂ ರಕ್ಷಾ ಪದಕ. 1971ಕ್ಕೆ ಪೂರ್ವ ರಣಾಂಗಣದವರಿಗೆ ಪೂರ್ವಿ ತಾರೆ, ಪಶ್ಚಿಮದವರಿಗೆ ಪಶ್ಚಿಮಿ ತಾರೆ, ಒಟ್ಟಾರೆ ಸೇನೆಗೆ ಸಂಗ್ರಾಮ ಪದಕ. ಇವಲ್ಲದೆ ವಿದೇಶದಲ್ಲಿ ಸೇವೆ ಸಲ್ಲಿಸಿದವರಿಗೆ ವಿದೇಶ ಸೇವಾ ಪದಕ, 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ನೆನಪಿಗೆ ನೀಡಿದ ಪದಕ, ದೀರ್ಘ ಸೇವೆಯ ಪದಕಗಳು ಇತ್ಯಾದಿ. ಐದು ಮೂಲೆಯ ತಾರೆಯಿದ್ದರೆ ಧರಿಸಿದವರು ಯುದ್ಧಕ್ಷೇತ್ರದಲ್ಲೇ ಇದ್ದರು ಎಂದು ಸಾಮಾನ್ಯವಾಗಿ ತಿಳಿಯಬಹುದು.

ಎರಡನೆಯದು ಶೌರ್ಯ ಪದಕ. ಇದು ಒಬ್ಬ ವ್ಯಕ್ತಿಯ ಒಂದು ಕೃತ್ಯಕ್ಕೆ ಅಥವಾ ಕೆಲವು ಕೃತ್ಯಗಳಿಗೆ ಸಲ್ಲುವ ಗೌರವ. ಮೇಲಧಿಕಾರಿ ಶಿಫಾರಸು ಬರೆಯಬೇಕು, ಅದು ಹಂತಹಂತವಾಗಿ ಮೇಲೇರಬೇಕು, ಕೊನೆಗೆ ರಾಷ್ಟ್ರಪತಿಗಳ ಅನುಮೋದನೆ ಪಡೆದು ಭಾರತದ ರಾಜಪತ್ರದಲ್ಲಿ ಪ್ರಕಟವಾಗಬೇಕು. ಆದ್ದರಿಂದ ಪ್ರತಿಯೊಂದು ಶೌರ್ಯ ಪದಕದ ಹಿಂದೆಯೂ ಒಂದು ಬರಹವಿದೆ. ಇಂಥ ದಿನ, ಇಂಥ ಕೆಲಸಕ್ಕಾಗಿ ಎಂದು ಹೇಳುವ ಪ್ರಶಂಸಾಪತ್ರವಿದೆ.

ಸೇವಾ ಪದಕ ಕಡಿಮೆ, ಶೌರ್ಯ ಪದಕ ಹೆಚ್ಚು ಎಂದು ಎಣಿಸುವುದು ಸರಿಯಲ್ಲ. ಕತ್ತಲಲ್ಲಿ ಹಾರಿ ಗುರಿ ಮುಟ್ಟಿ ಮರಳಿದ ಎಷ್ಟೋ ಮಂದಿಯ ಎದೆಯ ಮೇಲೆ ಕೇವಲ ತಾರೆಗಳಿವೆ. ಅವರು ಮಾಡಿದ್ದನ್ನು ಕಂಡು ಬರೆಯುವವರು ಅಲ್ಲಿರಲಿಲ್ಲ, ಅಷ್ಟೆ.

ಮಹಾಯುದ್ಧದ ಕಾಲದ ಗೌರವಗಳು

ಎರಡನೇ ಮಹಾಯುದ್ಧದಲ್ಲಿ ಭಾರತೀಯ ವೈಮಾನಿಕರು ಬ್ರಿಟಿಷ್ ಪದಕಗಳನ್ನು ಪಡೆದರು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 1918ರಲ್ಲಿ ಆರಂಭವಾದ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಅಂದರೆ ಡಿ.ಎಫ್.ಸಿ. ಬಿಳಿ ಮತ್ತು ನೇರಳೆ ಬಣ್ಣದ ಓರೆ ಪಟ್ಟೆಗಳ ರಿಬ್ಬನ್ ಅದರ ಗುರುತು. ಬರ್ಮಾದ ಕ್ಷೇತ್ರದಲ್ಲಿ ಸೇವೆ ಸಲ್ಲಿಸಿದವರಿಗೆ ಬರ್ಮಾ ತಾರೆ ದೊರೆಯಿತು. ಅದರ ರಿಬ್ಬನ್ನಿನ ನಡುವೆ ಅಗಲವಾದ ಕೆಂಪು, ಇಕ್ಕೆಲಗಳಲ್ಲಿ ಕಡುನೀಲಿ, ಆ ನೀಲಿಯ ನಡುವೆ ಕಿತ್ತಳೆಯ ಗೆರೆ.

1942ರ ಆರಂಭದಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಬಳಿ ಇದ್ದುದು ಲೈಸಾಂಡರ್ ಎಂಬ ನಿಧಾನಗತಿಯ ವೀಕ್ಷಣಾ ವಿಮಾನ. ಅದಕ್ಕೇ ಬಾಂಬು ಕಟ್ಟಿಕೊಂಡು ಕರುಣ್ ಕೃಷ್ಣ ಮಜುಂದಾರರು ಶತ್ರುವಿನ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದರು. ಅವರಿಗೆ ಡಿ.ಎಫ್.ಸಿ. ದೊರೆಯಿತು, ಮುಂದೆ ಎರಡನೆಯ ಬಾರಿಯೂ ಅದೇ ಗೌರವ ಸಂದಿತು. 1943ರ ಸುಮಾರಿಗೆ 7 ಮತ್ತು 8ನೇ ಸ್ಕ್ವಾಡ್ರನ್ನುಗಳಿಗೆ ವೆಂಜೆನ್ಸ್ ಎಂಬ ಡೈವ್ ಬಾಂಬರುಗಳು ಬಂದವು. ಅದರಲ್ಲಿ ಪೈಲಟನ ಬೆನ್ನಿಗೆ ಇನ್ನೊಬ್ಬ ಸದಸ್ಯನಿರುತ್ತಿದ್ದನು. ಆಕಾಶದಿಂದ ಲಂಬವಾಗಿ ಕೆಳಕ್ಕೆ ಧುಮುಕುವ ವಿಮಾನದಲ್ಲಿ ಹಿಂದಕ್ಕೆ ಮುಖಮಾಡಿ ಬಂದೂಕು ಹಿಡಿದು ಕುಳಿತಿರುವುದು ಎಂಥ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು.

ಆ ಕಾಲದ ಪದ್ಧತಿಯಲ್ಲಿ ಒಂದು ಭೇದವಿತ್ತು. ಡಿ.ಎಫ್.ಸಿ. ಅಧಿಕಾರಿಗಳಿಗೆ, ಕೆಳಗಿನ ಹುದ್ದೆಯವರಿಗೆ ಡಿ.ಎಫ್.ಎಂ. ಎಂಬ ಬೇರೆ ಪದಕ. ಒಂದೇ ವಿಮಾನದಲ್ಲಿ, ಒಂದೇ ರಾತ್ರಿ, ಒಂದೇ ಗುಂಡಿನ ಮಳೆಯಲ್ಲಿ ಹಾರಿದವರಿಗೆ ಎರಡು ತರದ ಗೌರವ. ಬ್ರಿಟನ್ ಈ ಭೇದವನ್ನು ಕೈಬಿಟ್ಟುದು 1993ರಲ್ಲಿ. ಸ್ವತಂತ್ರ ಭಾರತ ತನ್ನ ಶೌರ್ಯ ಪದಕಗಳನ್ನು ರೂಪಿಸುವಾಗ, 1950ರಲ್ಲೇ, ಈ ಭೇದವನ್ನು ಇಟ್ಟುಕೊಳ್ಳಲಿಲ್ಲ.

ಸ್ವತಂತ್ರ ಭಾರತದ ಚಕ್ರಗಳು

1950ರ ಜನವರಿ 26ರಂದು, ಗಣರಾಜ್ಯದ ಮೊದಲ ದಿನವೇ, ಪರಮವೀರ ಚಕ್ರ, ಮಹಾವೀರ ಚಕ್ರ ಮತ್ತು ವೀರ ಚಕ್ರಗಳು ಸ್ಥಾಪನೆಯಾದವು. 1947ರ ಆಗಸ್ಟ್ 15ರಿಂದಲೇ ಅವು ಅನ್ವಯವಾಗುವಂತೆ ಮಾಡಲಾಯಿತು. ಪರಮವೀರ ಚಕ್ರದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ವರಿಸಿ, ನಮ್ಮ ಪುರಾಣಗಳನ್ನು ಆಳವಾಗಿ ಅಭ್ಯಸಿಸಿದವರು ಅವರು. ಕಂಚಿನ ಆ ಪದಕದಲ್ಲಿ ರಾಷ್ಟ್ರಲಾಂಛನದ ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳಿವೆ. ದಧೀಚಿ ಮಹರ್ಷಿ ತನ್ನ ಬೆನ್ನೆಲುಬನ್ನೇ ಕೊಟ್ಟು ವಜ್ರಾಯುಧವಾಗಿಸಿದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಅದರ ರಿಬ್ಬನ್ ಒಂದೇ ಬಣ್ಣದ್ದು, ನೇರಳೆ.

ಮಹಾವೀರ ಚಕ್ರ ಬೆಳ್ಳಿಯದು. ಐದು ಮೂಲೆಯ ತಾರೆ, ಅದರ ನಡುವೆ ಚಿನ್ನದ ಲೇಪದ ರಾಷ್ಟ್ರಲಾಂಛನ. ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರವೂ ಬೆಳ್ಳಿಯದೇ. ತಾರೆಯ ನಡುವೆ ಚಕ್ರ, ಚಕ್ರದ ನಡುವೆ ಲಾಂಛನ. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕಿತ್ತಳೆ. ದೂರದಿಂದ ನೋಡುವವರಿಗೂ ಈ ಎರಡನ್ನು ಬೇರ್ಪಡಿಸಲು ಬಿಳಿ ಮತ್ತು ನೀಲಿಯ ವ್ಯತ್ಯಾಸವೊಂದೇ ಸಾಕು. ಹೆಸರಿನ ಮುಂದೆ ಎಂ.ವಿ.ಸಿ. ಎಂದಿದ್ದರೆ ಮಹಾವೀರ ಚಕ್ರ, ವಿ.ಆರ್.ಸಿ. ಎಂದಿದ್ದರೆ ವೀರ ಚಕ್ರ.

1960ರಲ್ಲಿ ಮೂರು ಪಡೆಗಳಿಗೂ ತಮ್ಮ ತಮ್ಮ ಪದಕಗಳು ಬಂದವು. ವಾಯುಸೇನಾ ಪದಕದ ರಿಬ್ಬನ್ನಿನಲ್ಲಿ ಬೂದು ಮತ್ತು ಕಿತ್ತಳೆಯ ಓರೆ ಪಟ್ಟೆಗಳು; ಹಿಂಬದಿಯಲ್ಲಿ ಹಿಮಾಲಯದ ಗರುಡ. ನೌಸೇನಾ ಪದಕದ ರಿಬ್ಬನ್ ಕಡುನೀಲಿ, ನಡುವೆ ಬಿಳಿ ಗೆರೆ. ಹಳೆಯ ಡಿ.ಎಫ್.ಸಿ.ಯಂತೆ ವಾಯುಸೇನಾ ಪದಕದಲ್ಲೂ ಪಟ್ಟೆಗಳು ಓರೆಯಾಗಿರುವುದನ್ನು ಗಮನಿಸಬಹುದು. ಪಟ್ಟೆ ಓರೆಯಾಗಿದ್ದರೆ ಅದು ಹಾರಾಟಕ್ಕೆ ಸಂಬಂಧಿಸಿದ ಪದಕವಿರಬಹುದೆಂಬ ಸುಳಿವು ಸಿಕ್ಕಂತೆ.

ಒಂದೇ ಪದಕ ಎರಡನೆಯ ಬಾರಿ ಬಂದರೆ ಇನ್ನೊಂದು ಪದಕ ಕೊಡುವುದಿಲ್ಲ. ರಿಬ್ಬನ್ನಿನ ಮೇಲೆ ಒಂದು ಅಡ್ಡಪಟ್ಟಿ ಸೇರಿಸುತ್ತಾರೆ. ಇದನ್ನು ಬಾರ್ ಎನ್ನುತ್ತಾರೆ. ಮಹಾವೀರ ಚಕ್ರವನ್ನು ಹೀಗೆ ಎರಡು ಬಾರಿ ಪಡೆದವರು ಇಡೀ ದೇಶದಲ್ಲಿ ಆರೇ ಮಂದಿ. ಅವರಲ್ಲಿ ವಾಯುಪಡೆಯವರು ಇಬ್ಬರು, ಆ ಇಬ್ಬರೂ ಕ್ಯಾನ್‌ಬೆರಾ ವಿಮಾನದ ಪೈಲಟ್‌ಗಳು. ಒಬ್ಬರು ಜಗಮೋಹನ್ ನಾಥ್. 106ನೇ ಸ್ಕ್ವಾಡ್ರನ್ನಿನ ಅವರು ಆಯುಧವಿಲ್ಲದ, ಕ್ಯಾಮೆರಾ ಮಾತ್ರ ಇದ್ದ ಕ್ಯಾನ್‌ಬೆರಾದಲ್ಲಿ ಶತ್ರುನೆಲದ ಮೇಲೆ ಹಾರಿ ಚಿತ್ರಗಳನ್ನು ತಂದರು. 1962 ಮತ್ತು 1965ರ ಯುದ್ಧಗಳಿಗೆ ಸಂಬಂಧಿಸಿದಂತೆ ಅವರಿಗೆ ಎರಡು ಬಾರಿ ಈ ಗೌರವ ದೊರೆಯಿತು. ಇನ್ನೊಬ್ಬರು ಪದ್ಮನಾಭ ಗೌತಮ್. 1965ರಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, 1971ರಲ್ಲಿ 16ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಆಗಿ ಬಾಂಬರುಗಳನ್ನು ಮುನ್ನಡೆಸಿದವರು. ಎರಡು ಯುದ್ಧಗಳಿಂದ ಕ್ಷೇಮವಾಗಿ ಮರಳಿದ ಅವರು 1972ರಲ್ಲಿ ವಿಮಾನ ಅಪಘಾತವೊಂದರಲ್ಲಿ ತೀರಿಕೊಂಡರು. ಸೈನಿಕನ ಬದುಕಿನಲ್ಲಿ ಅಪಾಯವು ಕದನ ವಿರಾಮಕ್ಕೆ ನಿಲ್ಲುವುದಿಲ್ಲ.

ಕಡಲ ಮೇಲಿನ ತಂಡಗಳು ಮತ್ತು ಕೊಚ್ಚಿ

ಬಾಂಬರ್ ತಂಡವೆಂದರೆ ವಾಯುಪಡೆಯದೇ ಆಗಬೇಕೆಂದಿಲ್ಲ. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ಸೇವೆಗೆ ಸೇರಿದ ಹಳೆಯ ವಿಕ್ರಾಂತ್ ನೌಕೆಯ ಮೇಲೆ ಎರಡು ಬಗೆಯ ವಿಮಾನಗಳಿದ್ದವು: ಒಬ್ಬರೇ ಹಾರಿಸುವ ಸೀ ಹಾಕ್ ಮತ್ತು ಮೂವರು ಹಾರುವ ಅಲಿಝೆ. ಫ್ರಾನ್ಸಿನಲ್ಲಿ ತಯಾರಾದ ಅಲಿಝೆಯ ಮೂಲ ಕೆಲಸ ಜಲಾಂತರ್ಗಾಮಿಗಳ ಬೇಟೆ. ಪೈಲಟ್, ಅಬ್ಸರ್ವರ್ ಎಂದು ಕರೆಯುವ ವೀಕ್ಷಣಾಧಿಕಾರಿ, ಜೊತೆಗೆ ಉಪಕರಣಗಳನ್ನು ನೋಡಿಕೊಳ್ಳುವ ಒಬ್ಬ ನೌಕಾ ವೈಮಾನಿಕ, ಹೀಗೆ ಮೂವರು.

1971ರ ಡಿಸೆಂಬರ್ 4ರಿಂದ ಈ ವಿಮಾನಗಳು ಬಂಗಾಳ ಕೊಲ್ಲಿಯಿಂದ ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೊದಲಾದ ಕಡೆ ದಾಳಿ ನಡೆಸಿದವು. ವಿಕ್ರಾಂತದ ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದುದರಿಂದ ನೌಕೆಗೆ ಪೂರ್ಣ ವೇಗ ಇರಲಿಲ್ಲ. ವಿಮಾನವನ್ನು ಮೇಲಕ್ಕೆ ಬಿಡಲು ನೌಕೆಯ ವೇಗ ಮತ್ತು ಎದುರುಗಾಳಿ ಎರಡೂ ಬೇಕು. ಅಂಥ ಸ್ಥಿತಿಯಲ್ಲೂ ಕಾರ್ಯಾಚರಣೆ ನಿಲ್ಲಲಿಲ್ಲ. ನೌಕೆಯ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಮತ್ತು ಸೀ ಹಾಕ್ ಸ್ಕ್ವಾಡ್ರನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ ಮಹಾವೀರ ಚಕ್ರ ಪಡೆದರು. ಅದೇ ಯುದ್ಧದಲ್ಲಿ ಅದೇ ಪದಕ ಪಡೆದ ಚಿಮನ್ ಸಿಂಗ್ ಲೀಡಿಂಗ್ ಸೀಮನ್ ಹುದ್ದೆಯವರು. ಕ್ಯಾಪ್ಟನ್ನಿಗೂ ನಾವಿಕನಿಗೂ ಒಂದೇ ಬೆಳ್ಳಿ, ಒಂದೇ ರಿಬ್ಬನ್.

ಇಲ್ಲಿ ಕಾಸರಗೋಡಿನ ಹೆಸರನ್ನು ಸ್ಮರಿಸದೆ ಮುಂದುವರಿಯಲಾಗದು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ನಡೆದ ಕ್ಷಿಪಣಿ ದಾಳಿಯಲ್ಲಿ ಐ.ಎನ್.ಎಸ್. ಕಿಲ್ತಾನ್ ನೌಕೆಯ ನೇತೃತ್ವ ವಹಿಸಿ ಮಹಾವೀರ ಚಕ್ರ ಪಡೆದ ಕಮಾಂಡರ್ ಕೆ.ಪಿ. ಗೋಪಾಲ ರಾವ್ ಅವರ ಪೂರ್ಣ ಹೆಸರು ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಅವರು ವೈಮಾನಿಕರಲ್ಲ, ಆದರೂ ನಮ್ಮ ಗಡಿನಾಡಿನ ಊರಿನ ಹೆಸರು ಆ ಪಟ್ಟಿಯಲ್ಲಿ ಸೇರಿಕೊಂಡಿರುವುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ವಿಷಯ.

ಗೆಲುವಿನ ಸಾಲಿನಲ್ಲೇ ಒಂದು ನೋವಿನ ಸಾಲೂ ಇದೆ. 1971ರ ಡಿಸೆಂಬರ್ 10ರಂದು ಪಶ್ಚಿಮ ಸಮುದ್ರದ ಮೇಲೆ ಹಾರುತ್ತಿದ್ದ ಒಂದು ಅಲಿಝೆ ವಿಮಾನವು ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ಟಿಗೆ ಎದುರಾಯಿತು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಸಿರೋಹಿ ಮತ್ತು ನೌಕಾ ವೈಮಾನಿಕ ವಿಜಯನ್, ಮೂವರೂ ಮರಳಲಿಲ್ಲ. ತಂಡವೆಂಬ ಮಾತಿನ ಅರ್ಥ ಇದೇ. ಹುದ್ದೆ ಬೇರೆ, ರೆಕ್ಕೆ ಬೇರೆ, ಸಂಬಳ ಬೇರೆ. ಕಡಲು ಮಾತ್ರ ಮೂವರಿಗೂ ಒಂದೇ.

ಸಾಕ್ಷಿ ಯಾರು?

ಶೌರ್ಯ ಪದಕಕ್ಕೆ ಶಿಫಾರಸು ಬೇಕು, ಶಿಫಾರಸಿಗೆ ಸಾಕ್ಷಿ ಬೇಕು. ಪದಾತಿ ಸೈನಿಕನ ಸಾಹಸವನ್ನು ಪಕ್ಕದ ಕಂದಕದವರು ಕಂಡಿರುತ್ತಾರೆ. ಶತ್ರುದೇಶದ ಆಕಾಶದಲ್ಲಿ ಒಂಟಿಯಾಗಿ ಉಳಿದ ವಿಮಾನವನ್ನು ಕಂಡವರಾರು? ಮರಳಿ ಬಾರದವರ ಪರವಾಗಿ ನುಡಿಯುವವರಾರು?

ಈ ಪ್ರಶ್ನೆಗೆ ಕೊಡಗಿನ ವೀರರೊಬ್ಬರ ಚರಿತ್ರೆಗಿಂತ ಉತ್ತಮ ನಿದರ್ಶನವಿಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1932ರಲ್ಲಿ ಜನಿಸಿದವರು. 1965ರ ಸೆಪ್ಟೆಂಬರ್ 7ರಂದು 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಮಿಸ್ಟೇರ್ ದೊಡ್ಡ ಬಾಂಬರ್ ಅಲ್ಲ, ನೆಲದ ಗುರಿಗಳ ಮೇಲೆ ಎರಗುವ ಫೈಟರ್ ಬಾಂಬರ್. ದೇವಯ್ಯನವರು ಆ ದಿನ ಮೀಸಲು ಪೈಲಟ್ ಆಗಿದ್ದು, ತಂಡದಲ್ಲಿ ಸ್ಥಾನ ತೆರವಾದಾಗ ಸೇರಿಕೊಂಡರು. ಉಳಿದವರು ಮರಳಿದರು, ಅವರು ಮರಳಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರು.

ಸತ್ಯವು ಹೊರಬಂದುದು ಎದುರಾಳಿಗಳ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಕುರಿತು ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅತಿ ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಆ ದಿನ ಒಂದು ಮಿಸ್ಟೇರ್ ಎದುರಿಸಿ ಉರುಳಿಸಿದ ವೃತ್ತಾಂತವಿತ್ತು. ತಾನೂ ಗಾಯಗೊಂಡ, ವೇಗದಲ್ಲಿ ಬಹಳ ಹಿಂದುಳಿದ ವಿಮಾನದಲ್ಲಿ ಓಡಿಹೋಗದೆ ತಿರುಗಿ ನಿಂತ ಪೈಲಟ್ ದೇವಯ್ಯನವರಲ್ಲದೆ ಬೇರಾರೂ ಆಗಿರಲು ಸಾಧ್ಯವಿರಲಿಲ್ಲ. 1965ರಲ್ಲಿ ಅವರ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಓ.ಪಿ. ತನೇಜಾ ಅವರು ಈ ವಿಷಯವನ್ನು ಸರ್ಕಾರದ ಗಮನಕ್ಕೆ ತಂದರು. 1988ರಲ್ಲಿ, ಘಟನೆ ನಡೆದು 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಇಂದು ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರಿದೆ. 2020ರಲ್ಲಿ ಅಲ್ಲಿ ಅವರ ಪ್ರತಿಮೆಯೂ ಅನಾವರಣಗೊಂಡಿತು.

ಶತ್ರುವಿನ ಸಾಕ್ಷ್ಯದಿಂದ ದೊರೆತ ಪದಕವಿದು. ಆ 23 ವರ್ಷಗಳಲ್ಲಿ ಪದಕವಿರಲಿಲ್ಲ, ಆದರೆ ಶೌರ್ಯವಿತ್ತು. ಯಾರೋ ಒಬ್ಬರು ಬರೆದಿಟ್ಟದ್ದರಿಂದ, ಮತ್ತೊಬ್ಬರು ಬಿಡದೆ ಬೆನ್ನುಹತ್ತಿದ್ದರಿಂದ ಅದು ಬೆಳಕಿಗೆ ಬಂತು. ಬರೆಯುವವರಿಲ್ಲದೆ ಉಳಿದುಹೋದವರು ಎಷ್ಟು ಮಂದಿಯೋ!

ಒಂದು ಸಾಲನ್ನು ಓದುವ ಕ್ರಮ

ಪದಕಗಳನ್ನು ಎಡ ಎದೆಯ ಮೇಲೆ ಧರಿಸುತ್ತಾರೆ. ಅತಿ ಹೆಚ್ಚಿನ ಗೌರವದ್ದು ಎದೆಯ ನಡುಭಾಗಕ್ಕೆ ಹತ್ತಿರ, ಅಂದರೆ ನೋಡುವವರ ಎಡಕ್ಕೆ. ಅಲ್ಲಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಕನ್ನಡ ಪುಟವನ್ನು ಓದುವಂತೆಯೇ ಓದಬೇಕು.

ಉದಾಹರಣೆಗೆ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ. ಮೇಲೆ ಅರ್ಧ ರೆಕ್ಕೆ. ಕೆಳಗೆ ಕ್ರಮವಾಗಿ ನೀಲಿ-ಕಿತ್ತಳೆಯ ವೀರ ಚಕ್ರ, ಓರೆ ಪಟ್ಟೆಯ ವಾಯುಸೇನಾ ಪದಕ, ಸಮರ್ ಸೇವಾ ತಾರೆ, ಪಶ್ಚಿಮಿ ತಾರೆ, ರಕ್ಷಾ ಪದಕ, ಸಂಗ್ರಾಮ ಪದಕ, ವಿದೇಶ ಸೇವಾ ಪದಕ, ಬೆಳ್ಳಿಹಬ್ಬದ ಪದಕ. ಈಗ ಓದಿರಿ: ಇವರು ಪೈಲಟ್ ಅಲ್ಲ, ತಂಡದ ಬೇರೆ ಸದಸ್ಯರು. 1965ರಲ್ಲೂ 1971ರಲ್ಲೂ ರಣರಂಗದಲ್ಲಿದ್ದರು. 1971ರಲ್ಲಿ ಇವರ ಕಾರ್ಯಕ್ಷೇತ್ರ ಪಶ್ಚಿಮ. ವಿದೇಶದಲ್ಲೂ ಸೇವೆ ಸಲ್ಲಿಸಿದ್ದಾರೆ. ಪದಕದ ಮೇಲಿನ ಪಟ್ಟಿಯಲ್ಲಿ ಕಾಂಗೋ ಎಂದಿದ್ದರೆ ಎಲ್ಲಿ ಎಂಬುದೂ ತಿಳಿಯಿತು. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ವೀರ ಚಕ್ರ. 1972ರಲ್ಲಿ ಇನ್ನೂ ಸೇವೆಯಲ್ಲಿದ್ದರು. ಒಂದು ಮಾತೂ ಆಡದೆ ಅವರ ಎದೆ ಇಷ್ಟನ್ನು ಹೇಳಿತು.

ಮನೆಯಲ್ಲಿ ಪದಕಗಳಿದ್ದರೆ

ಇನ್ನು ಕೆಲವು ಉಪಯುಕ್ತ ಸೂಚನೆಗಳು. ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಭಾರತದ ಸೇವಾ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೇವಾ ಸಂಖ್ಯೆ, ಹುದ್ದೆ ಮತ್ತು ಹೆಸರನ್ನು ಕೊರೆದಿರುತ್ತಾರೆ. ಆ ಸಂಖ್ಯೆಯೇ ಎಲ್ಲ ದಾಖಲೆಗಳ ಕೀಲಿಕೈ. ಅದನ್ನು ಒಂದು ಕಾಗದದಲ್ಲಿ ಬರೆದಿಡಿ.

ಹುಣಸೆಹಣ್ಣು, ಬೂದಿ, ಅಂಗಡಿಯ ಪಾಲಿಷ್ ಹಾಕಿ ಪದಕಗಳನ್ನು ಉಜ್ಜಬೇಡಿ. ಹೊಳಪಿನ ಜೊತೆಗೆ ಅಕ್ಷರಗಳೂ ಸವೆದುಹೋಗುತ್ತವೆ. ಕೇರಳದ ಮಳೆಗಾಲದ ತೇವ ಲೋಹಕ್ಕೂ ರಿಬ್ಬನ್ನಿಗೂ ಶತ್ರು. ಒಣಗಿದ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು. ರಿಬ್ಬನ್ ಹಳೆಯದಾಯಿತೆಂದು ಎಸೆಯಬೇಡಿ. ಹೊಸದನ್ನು ಕಟ್ಟಿಸಿದರೂ ಹಳೆಯದನ್ನು ಜೊತೆಯಲ್ಲೇ ಇರಿಸಿ.

ಪದಕಗಳನ್ನು ಮಕ್ಕಳಿಗೆ ಒಂದೊಂದರಂತೆ ಹಂಚಿಬಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವ ಈ ಹಂಚಿಕೆಯಲ್ಲಿ ಕಥೆ ಒಡೆದುಹೋಗುತ್ತದೆ. ಸಾಲು ಒಟ್ಟಾಗಿದ್ದರೆ ಮಾತ್ರ ಅದು ಓದಲು ಸಿಗುವ ವಾಕ್ಯ. ಬಿಡಿಯಾದರೆ ಬರಿಯ ಅಕ್ಷರಗಳು. ಹಂಚಲೇಬೇಕಾದರೆ ಮೊದಲು ಎಲ್ಲವನ್ನೂ ಕ್ರಮವಾಗಿ ಇಟ್ಟು ಮುಂಬದಿ, ಹಿಂಬದಿ, ಅಂಚುಗಳ ಛಾಯಾಚಿತ್ರ ತೆಗೆದು ಪ್ರತಿಯೊಬ್ಬರಿಗೂ ಒಂದು ಪ್ರತಿ ಕೊಡಿ. ಹಾರಾಟದ ದಿನಚರಿ ಪುಸ್ತಕವಿದ್ದರೆ ಅದು ಪದಕಗಳಿಗಿಂತಲೂ ಅಮೂಲ್ಯ. ಯಾವ ದಿನ, ಯಾವ ವಿಮಾನ, ಯಾರ ಜೊತೆ, ಎಷ್ಟು ಗಂಟೆ ಎಂಬುದೆಲ್ಲ ಅದರಲ್ಲಿರುತ್ತದೆ. ಆ ‘ಯಾರ ಜೊತೆ’ ಎಂಬ ಕಾಲಂನಲ್ಲಿ, ಯಾವ ಪದಕವೂ ಬಾರದ ಮತ್ತೊಂದು ಮನೆಯ ಹಿರಿಯರ ಹೆಸರೂ ಇರಬಹುದು.

ಶೌರ್ಯ ಪದಕಗಳ ಪ್ರಶಂಸಾಪತ್ರಗಳನ್ನು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಹುಡುಕಬಹುದು. ದೆಹಲಿಗೆ ಹೋದವರು 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹುತಾತ್ಮರ ಹೆಸರುಗಳನ್ನು ಕಲ್ಲಿನಲ್ಲಿ ಕಾಣಬಹುದು. ಕೊಚ್ಚಿಯವರಿಗೆ ಫೋರ್ಟ್ ಕೊಚ್ಚಿಯ ನೌಕಾ ವಸ್ತುಸಂಗ್ರಹಾಲಯವೂ, ತಿರುವನಂತಪುರದವರಿಗೆ ಆಕ್ಕುಳಂ ಪ್ರವಾಸಿ ಗ್ರಾಮದಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯವೂ ಮಕ್ಕಳೊಡನೆ ಒಂದು ರಜಾದಿನ ಕಳೆಯಲು ಯೋಗ್ಯವಾದ ತಾಣಗಳು.

ರೆಕ್ಕೆಗಳ ಕಥೆ ಮುಗಿದಿಲ್ಲ. 2019ರ ಡಿಸೆಂಬರ್ 2ರಂದು ಕೊಚ್ಚಿಯಲ್ಲಿ ಸಬ್ ಲೆಫ್ಟಿನೆಂಟ್ ಶಿವಾಂಗಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. 2020ರ ಸೆಪ್ಟೆಂಬರ್ 21ರಂದು ಐ.ಎನ್.ಎಸ್. ಗರುಡದಲ್ಲಿ ಕುಮುದಿನಿ ತ್ಯಾಗಿ ಮತ್ತು ರಿತಿ ಸಿಂಗ್ ವೀಕ್ಷಣಾಧಿಕಾರಿಗಳಾಗಿ ರೆಕ್ಕೆ ಪಡೆದರು. ಯುದ್ಧನೌಕೆಗಳಿಂದ ಹಾರುವ ವೈಮಾನಿಕ ತಂಡಗಳಿಗೆ ಆಯ್ಕೆಯಾದ ಮೊದಲ ಮಹಿಳೆಯರು ಇವರು. 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲೇ ನಿರ್ಮಾಣವಾದ ಹೊಸ ವಿಕ್ರಾಂತ್ ಸೇವೆಗೆ ಸೇರಿತು. ಅಲಿಝೆಯ ಹಿಂದಿನ ಆಸನದಲ್ಲಿ ಕುಳಿತವರ ಪರಂಪರೆ ಹೀಗೆ ನಮ್ಮ ಕಣ್ಣೆದುರೇ ಮುಂದುವರಿದಿದೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಯುದ್ಧಕಾಲದಲ್ಲಿ ಹಾರಿದ ಹಿರಿಯರಿದ್ದರೆ, 1971ರ ಯುವಕರಿಗೆ ಈಗ ಎಪ್ಪತ್ತೈದು ದಾಟಿದೆ ಎಂಬುದನ್ನು ನೆನಪಿಡಿ. ಅವರ ಬಳಿ ಕುಳಿತು ಒಂದೊಂದು ರಿಬ್ಬನ್ನಿಗೂ ಬೆರಳಿಟ್ಟು ಇದು ಯಾವುದು ಎಂದು ಕೇಳಿರಿ. ಜೊತೆಯಲ್ಲಿ ಯಾರಿದ್ದರು ಎಂದೂ ಕೇಳಿರಿ. ಹೇಳಿದ್ದನ್ನು ಕನ್ನಡದಲ್ಲಿ ಬರೆದು ಪದಕದ ಪೆಟ್ಟಿಗೆಯಲ್ಲೇ ಇಡಿ.